ಮೇಯರ್ ಸಾಹೇಬರು ಹಿಂದಿಕ್ಕಿದ ದಿಬ್ಬಣ

ಕದ ಹಾಕಿ ಹತ್ತಿರ ಕೂತ್ಕೊಳ್ಳಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬಾರದು. ಇನ್ನೊಬ್ಬರ ವಿಷಯ ಆಡಿ ನನಗೆ ಅಭ್ಯಾಸವಿಲ್ಲ.

ನಮ್ಮೂರಿನ ಮೇಯರ್ ಸಿ ಬೂಶ್ತಾ ಅವರು (ಗೌರವಕ್ಕೆ ಹೆಸರಿನ ಮುಂದೆ 'ಸಿ' ಅನ್ನಲೇಬೇಕು) ಜನಸೇವೆಗಾಗಿ ಒಂದು ರಸ್ತೆ ಮಾಡಿಸಿದ್ದಾರೆ. ಊರಿಂದ ಔಲಾದ್ ತಲ್ಹಾ ಹಳ್ಳಿಯವರೆಗೆ ನೆಲ ರೊಟ್ಟಿ ತಟ್ಟುವ ಹಲಗೆಯ ಹಾಗೆ ಸಮವಾಗಿದೆ. ರಸ್ತೆಗೆ ಮಾತ್ರ ಒಂಬತ್ತು ತಿರುವು.

"ತಿರುವು ಯಾಕೆ ಸಾಹೇಬ್ರೇ? ಅಡ್ಡ ಗುಡ್ಡ ಇಲ್ಲ, ಹಳ್ಳ ಇಲ್ಲ" ಅಂದನಂತೆ ಎಂಜಿನಿಯರು.

"ನೀನು ಕಾರು ಓಡಿಸ್ತೀಯೇನಯ್ಯಾ?"

"ಇಲ್ಲ ಸಾಹೇಬ್ರೇ, ಬಸ್ಸಲ್ಲಿ ಓಡಾಡ್ತೀನಿ."

"ಹಾಗಾದ್ರೆ ಸುಮ್ನಿರು."

ಸಾಹೇಬರು ಡ್ರೈವರನ್ನು ಹಿಂದಿನ ಸೀಟಲ್ಲಿ ಕೂರಿಸಿ ತಾವೇ ಓಡಿಸುತ್ತಾರೆ. ಉದ್ಘಾಟನೆಯ ದಿನ ಕತ್ತರಿ ಬರುವವರೆಗೆ ಕಾಯಲಾರದೆ ರಿಬ್ಬನ್ನನ್ನು ಕಾರಿನಿಂದಲೇ ಹರಿದುಕೊಂಡು ಹೋದರು. ಅದು ಇವತ್ತಿಗೂ ಆ ಬಿಳಿ ಕಾರಿನ ಮೂತಿಗೆ ಸುತ್ತಿಕೊಂಡಿದೆ. ಬಿಚ್ಚುವುದಕ್ಕೆ ಸಭೆಯ ನಿರ್ಣಯ ಆಗಬೇಕಂತೆ. ಪಕ್ಕದ ಸೀಟಲ್ಲಿ ಗುಮಾಸ್ತ ಸಿ ಮಹ್ಜೂಬ್, ಅವನ ಮಡಿಲಲ್ಲಿ ನಗರಸಭೆಯ ಮೊಹರು. ಸಾಹೇಬರು ಯಾರ್ಯಾರನ್ನು ಹಿಂದಿಕ್ಕಿದರು ಅಂತ ಬರೆದುಕೊಳ್ಳುವುದು ಅವನ ಕೆಲಸ.

ಆದರೆ ರಸ್ತೆ ಖಾಲಿ. ಹಿಂದಿಕ್ಕೋಣ ಅಂದರೆ ಯಾರಿದ್ದಾರೆ? ಅದಕ್ಕೇ ಊರವರೆಲ್ಲ ರೊಟ್ಟಿ ಸುಡಿಸುವ ಒಲೆಮನೆಯ ಗೋಡೆಗೆ ಪ್ರಕಟಣೆ ಅಂಟಿಸಿದರು: "ಸಂಜೆ ನಾಲ್ಕರಿಂದ ಆರರವರೆಗೆ ಸಾರ್ವಜನಿಕರು ಹೊಸ ರಸ್ತೆಯಲ್ಲಿ ನಿಧಾನವಾಗಿ ಸಂಚರಿಸತಕ್ಕದ್ದು. ಮಾನ್ಯ ಮೇಯರ್ ಅವರ ಮುಂದೆ ಉಳಿಯುವ ಹಕ್ಕು ಯಾರಿಗೂ ಇರುವುದಿಲ್ಲ. ಮೊದಲು ಮುಂದಿದ್ದು ಅನಂತರ ಹಿಂದೆ ಬೀಳುವ ಕರ್ತವ್ಯ ಎಲ್ಲರಿಗೂ ಇರುತ್ತದೆ. ಇದು ಹೇಸರಗತ್ತೆಗಳಿಗೂ ಅನ್ವಯಿಸುತ್ತದೆ." ಜನ ಒಪ್ಪಿಕೊಂಡರು. ಹೇಸರಗತ್ತೆಗಳು ಜನರಿಗಿಂತ ಬೇಗ ಕಲಿತವು.

ಈಗ ಪಕ್ಕದ ಮನೆ ಹನಿಯಾಳ ವಿಷಯ. ಅವಳ ಮಗಳು ಜಹೂರಳನ್ನು ಔಲಾದ್ ತಲ್ಹಾದ ತಾಮೂಳ ಮಗನಿಗೆ ಕೊಡುವುದೆಂದು ಮಾತಾಗಿತ್ತು. ತಾಮೂ ಕಟ್ಟುನಿಟ್ಟಿನ ಹೆಂಗಸು. ದಿಬ್ಬಣದಲ್ಲಿ ಮದುಮಗಳ ಕಾರೇ ಮೊದಲು ತನ್ನ ಹೊಸಿಲಿಗೆ ಬರಬೇಕು, ಮೊದಲು ಇಳಿದವಳಿಗೆ ಹಾಲು ಖರ್ಜೂರ ಕೊಟ್ಟು ಮನೆ ತುಂಬಿಸಿಕೊಳ್ಳುವುದು ಒಂದೇ ಸಲ, ಇಲ್ಲದಿದ್ದರೆ ಸಂಬಂಧವೇ ಬೇಡ ಅಂದಿದ್ದಳು. ಮೇಯರ್ ಕಣ್ಣಿಗೆ ಬೀಳಬಾರದು ಅಂತ ಹನಿಯಾ ಗುರುವಾರ ಮೂರು ಗಂಟೆಗೇ ದಿಬ್ಬಣ ಹೊರಡಿಸುವುದೆಂದು ಗುಟ್ಟಾಗಿ ಗೊತ್ತುಮಾಡಿದಳು. ಗೋಡೆಗೆ ಗೋಡೆ ಅಂಟಿದ ನನಗೂ ಹೇಳಲಿಲ್ಲ, ನೋಡಿ! ನಾನಾಗಿ ತಿಳಿದುಕೊಂಡೆ. ಊರ ಹೆಂಗಸರೆಲ್ಲ ಸೇರುವ ಸ್ನಾನದ ಮನೆಯಲ್ಲಿ ಇಬ್ಬರಿಗೆ ಮಾತ್ರ ಹೇಳಿದೆ: ಮೂರು ಗಂಟೆ, ಹದಿನಾಲ್ಕು ಕಾರು, ಸಾಲಾಗಿ ಒಂದರ ಹಿಂದೊಂದು. ಹಬೆಯಲ್ಲಿ ಬೆನ್ನು ಉಜ್ಜಿಸಿಕೊಳ್ಳುತ್ತಿದ್ದವಳು ಮೇಯರ್ ಹೆಂಡತಿ ಅಂತ ನನಗೇನು ಗೊತ್ತು?

ಗುರುವಾರ ನಾನು ಮದುಮಗಳ ಕಾರಲ್ಲೇ ಇದ್ದೆ. ಕರೆದಿರಲಿಲ್ಲ, ಹತ್ತಿದೆ. ಮೂರನೇ ತಿರುವಲ್ಲಿ ಹಿಂದೆ ಹಾರ್ನು. ಸಾಹೇಬರು! ಒಂದೊಂದೇ ಕಾರು ಹಿಂದಿಕ್ಕುತ್ತಾ, ಕೈ ಬೀಸುತ್ತಾ ಬಂದರು.

"ಮಾವಾ, ಒತ್ತು! ಇನ್ನೂ ಒತ್ತು!" ಜಹೂರ್ ಕೂಗಿದಳು.

"ಕಾನೂನು ಇದೆ ಮಗಳೇ" ಅಂತ ಕಾರು ಓಡಿಸುತ್ತಿದ್ದ ಅವಳ ಸೋದರಮಾವ ಪಕ್ಕಕ್ಕೆ ಸರಿದ.

ನಾವು ತಲುಪುವ ಮೊದಲೇ ಅಲ್ಲಿ ನಡೆದದ್ದು ಇದು: ಹೊಸಿಲಲ್ಲಿ ಕಾಯುತ್ತಿದ್ದ ತಾಮೂಳ ಕಣ್ಣಿಗೆ ಪೊರೆ. ಬಿಳಿ ಕಾರು ಕಂಡಿತು, ರಿಬ್ಬನ್ನು ಕಂಡಿತು, ಇಳಿದವರ ಮೈಮೇಲೆ ಮುಸುಕಿನ ಬಿಳಿ ನಿಲುವಂಗಿ ಕಂಡಿತು. ಮದುಮಗಳೇ ಅಂದುಕೊಂಡಳು. ಹೆಂಗಸರು ನಾಲಿಗೆ ಆಡಿಸಿ ಮಂಗಳದ ಉಲಿ ಹಾಕಿದರು. ತಾಮೂ ಸಾಹೇಬರ ಬಾಯಿಗೆ ಖರ್ಜೂರ ಇಟ್ಟು ಹಾಲು ಕುಡಿಸಿದಳು. ಸಾಹೇಬರಿಗೆ ಏನೂ ಅನ್ನಿಸಲಿಲ್ಲ. ಎಲ್ಲಿಗೆ ಹೋದರೂ ಅವರನ್ನು ಬರಮಾಡಿಕೊಳ್ಳುವುದೇ ಹಾಗೆ. ಮದುಮಗಳ ಪೀಠದಲ್ಲಿ ಕೂರಿಸಿದರು, ಕೂತರು. ತಿರುವುಗಳ ಮಹತ್ವದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಪಕ್ಕದಲ್ಲಿ ಕೂತ ಮದುಮಗ ಚಪ್ಪಾಳೆ ತಟ್ಟಿದ.

ಕಾನೂನಿನಂತೆ ನಿಧಾನವಾಗಿ ಹಿಂದೆ ಬಿದ್ದು ನಾವು ಬಂದಾಗ ಹಾಲು ಮುಗಿದಿತ್ತು.

"ಕೊಡೋದು ಕೊಟ್ಟಾಯ್ತು" ಅಂದಳು ತಾಮೂ. "ಈ ಹುಡುಗೀನ ವಾಪಸ್ ಕರ್ಕೊಂಡು ಹೋಗಿ."

ಹನಿಯಾ ಎದೆ ಬಡಿದುಕೊಂಡಳು. ಜಹೂರಳ ಕಾಡಿಗೆ ಕೆನ್ನೆಗಿಳಿಯಿತು. ಆಗ ಸಿ ಮಹ್ಜೂಬ್ ಕೆಮ್ಮಿದ. "ಅಳಬೇಡಿ, ಇದಕ್ಕೆ ಅವಕಾಶ ಇದೆ." ಮೊಣಕಾಲ ಮೇಲೆ ಕಾಗದ ಇಟ್ಟು ಬರೆದು, ಗಟ್ಟಿಯಾಗಿ ಓದಿದ: "ಸದರಿ ಹಾಲು ಮತ್ತು ಖರ್ಜೂರವನ್ನು ಮಾನ್ಯ ಮೇಯರ್ ಅವರು ವಧುವಿನ ಪರವಾಗಿ ಸ್ವೀಕರಿಸಿದ್ದು, ಅದರ ರುಚಿಯೂ ಫಲವೂ ವಧುವಿಗೆ ತಲುಪಿರುವುದಾಗಿ ಈ ಮೂಲಕ ದೃಢೀಕರಿಸಲಾಗಿದೆ." ಮೊಹರು ಒತ್ತಿದ.

ತಾಮೂಗೆ ಓದು ಬಾರದು. ಮೊಹರಿನ ಮೇಲೆ ಹೆಬ್ಬೆರಳು ಉಜ್ಜಿ ಕಣ್ಣ ಹತ್ತಿರ ಹಿಡಿದಳು.

"ನೀಲಿ ಹತ್ತಿತು. ಸರಿ, ಒಳಗೆ ಬಾರಮ್ಮಾ."

ಈಗ ನಮ್ಮಲ್ಲಿ ಈ ಪತ್ರ ಇಲ್ಲದೆ ಯಾವ ಮದುವೆಯನ್ನೂ ಮದುವೆ ಅಂತ ಜನ ಒಪ್ಪುವುದಿಲ್ಲ. ಹೋದ ವಾರದ ಮದುಮಗಳು ಸಾಹೇಬರು ಬಂದು ಹಿಂದಿಕ್ಕುವ ತನಕ ನಾಲ್ಕನೇ ತಿರುವಲ್ಲಿ ಬಿಸಿಲಿಗೆ ಕಾದಳು. ಕಾಯದೆ ಹಾಗೇ ಹೋದ ಒಬ್ಬಳಿಗೆ ಜನ ಮರುಗುತ್ತಾರೆ: "ಪಾಪ, ಅವಳ ದಿಬ್ಬಣವನ್ನ ಯಾರೂ ಹಿಂದಿಕ್ಕಲಿಲ್ಲವಂತೆ." ಸಾಹೇಬರಿಂದ ಹಿಂದಿಕ್ಕಿಸಿಕೊಳ್ಳುವುದಕ್ಕೆ ಅರ್ಜಿ ಮೂರು ಪ್ರತಿ ಕೊಡಬೇಕು, ಮೂರು ತಿಂಗಳು ಕಾಯಬೇಕು.

ಹನಿಯಾ ಅವತ್ತಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ನಿನ್ನೆ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಯಿಟ್ಟು, ನನ್ನ ಮುಖಕ್ಕೇ ಅಂದಳು:

"ರುಕಿಯಾ, ನಿನ್ನ ನಾಲಿಗೆಗೆ ಬೆಂಕಿ ಬೀಳ! ನಮ್ಮ ಎರಡನೆಯವಳ ದಿಬ್ಬಣ ಬರೋ ಗುರುವಾರ, ಅರ್ಜಿಗೆಲ್ಲ ಸಮಯ ಇಲ್ಲ. ಈಗಲೇ ಸ್ನಾನದ ಮನೆಗೆ ಹೋಗಿ ಹೇಳು. ಗುಟ್ಟು ಅಂತ ಸೇರಿಸಿ ಹೇಳು ಕಣೇ, ಇಲ್ದಿದ್ರೆ ಸಂಜೆಯೊಳಗೆ ಮೇಯರ್ ಸಾಹೇಬ್ರ ಕಿವಿಗೆ ಬೀಳಲ್ಲ."