ಒಂದೇ ಓದಿಗೆ ಎರಡು ಸಾಲ

ಸಾಲಗಾರರ ಹಣೆಬರಹ ಬರೆಯುವ ಕ್ರೆಡಿಟ್ ವರದಿ ಸಂಸ್ಥೆಯ ಮಾನ್ಯರೇ,

ಕಂಡು ಮಾತಾಡೋಣವೆಂದರೆ ತಮಗೆ ಬಾಗಿಲಿಲ್ಲ, ಫೋನು ಮಾಡೋಣವೆಂದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ದನಿಯ ಹೊರತು ಮನುಷ್ಯರಿಲ್ಲ. ಆದಕಾರಣ ಊರೆಲ್ಲ ಓದುವಂತೆ ಇಲ್ಲಿಂದಲೇ ಕೈಮುಗಿಯುತ್ತಿದ್ದೇನೆ.

ನಾನು ಫಿಸಿಯೋಥೆರಪಿಸ್ಟ್. ಹಿಡಿದುಕೊಂಡ ಸೊಂಟ, ಮಡಚಲಾಗದ ಮೊಣಕಾಲುಗಳನ್ನು ಸರಿಪಡಿಸುವುದು ನನ್ನ ಕಸುಬು. ಅದನ್ನು ಕಲಿಯಲು ಸಾಲ ಮಾಡಿದೆ. ದರ್ಜಿಯಾದ ನನ್ನ ಸೋದರಮಾವ ಜಾಮೀನು ನಿಂತರು. ಓದು ಮುಗಿಯುವ ಹೊತ್ತಿಗೆ ಬ್ಯಾಂಕು ಆ ಸಾಲವನ್ನು ಇನ್ನೊಂದು ಬ್ಯಾಂಕಿಗೆ ವರ್ಗಾಯಿಸಿತು. ನಾನು ಅಲ್ಲಿಗೆ ತಪ್ಪದೆ ಕಂತು ಕಟ್ಟುತ್ತ ಬಂದೆ. ತಾವಾದರೋ ಹಳೆಯ ಬ್ಯಾಂಕಿನ ಸಾಲವನ್ನು ಬೇರೆಯೇ ಸಾಲವೆಂದು ಜೋಪಾನ ಮಾಡಿ, ಅದಕ್ಕೆ ಕಂತೇ ಬಂದಿಲ್ಲವೆಂದು ಕಂಡುಹಿಡಿದು, ನನ್ನನ್ನು ಸುಸ್ತಿದಾರಳೆಂದು ಬರೆದಿರಿ. ಸಂಜೆಯ ಹೊತ್ತಿಗೆ ನನಗೆ ಸುಸ್ತಾಗುವುದು ನಿಜ, ಮಾನ್ಯರೇ. ಆದರೆ ಅದು ಕಾಲೊತ್ತಿದ್ದರಿಂದಲೇ ಹೊರತು ಕಂತು ತಪ್ಪಿದ್ದರಿಂದಲ್ಲ.

ಎರಡು ಸಾಲವೆಂದಮೇಲೆ ಎರಡು ಓದೂ ಆಗಿರಲೇಬೇಕು. ಆ ಇನ್ನೊಂದು ಪದವಿ ಪತ್ರವನ್ನು ದಯಮಾಡಿ ಕಳುಹಿಸಿಕೊಡಿ. ಅದನ್ನು ಪಡೆದ ಇನ್ನೊಬ್ಬ ನಾನು ತಮ್ಮ ಬಳಿ ಇದ್ದರೆ ಅವಳನ್ನೂ ಕಳುಹಿಸಿ; ಕೊನೆಯ ರೋಗಿಗಳನ್ನು ಅವಳಿಗೆ ಒಪ್ಪಿಸಿ ನಾನು ಬೇಗ ಮನೆ ಸೇರುತ್ತೇನೆ.

ಈ ಸುದ್ದಿ ನನಗೆ ಮುಟ್ಟಿದ್ದು ಮಾವನಿಂದ. ಕಸೂತಿ ಯಂತ್ರ ಕೊಳ್ಳಲು ಸಾಲ ಕೇಳಿದರೆ, ನೀವು ಜಾಮೀನು ನಿಂತ ಸಾಲವೇ ಕಟ್ಟಿಲ್ಲವಲ್ಲ ಎಂದು ಬ್ಯಾಂಕಿನವರು ಅವರನ್ನು ವಾಪಸು ಕಳಿಸಿದ್ದರು. "ನೀನು ಕಟ್ಟಿರ್ತೀಯ ಅಂತ ಗೊತ್ತಮ್ಮ. ಆದ್ರೂ ಒಂದ್ಸಲ ನೋಡ್ಕೋ," ಎಂದರು ಮಾವ. ಅತ್ತೆಗೆ ಅಷ್ಟು ತಾಳ್ಮೆಯಿರಲಿಲ್ಲ: "ಓದಿದೋರ ಬುದ್ಧಿನೇ ಇಷ್ಟು. ಏಣಿ ಹತ್ತಿದ್ಮೇಲೆ ಏಣಿ ಒದೀತಾರೆ." ಅಂದಿನಿಂದ ಆ ಮನೆಯ ಫೋನು ಬರುವುದು ನಿಂತಿತು. ನನ್ನನ್ನು ಓದಿಸಿದ ಮನೆಯ ಬೀದಿಯನ್ನೇ ತಪ್ಪಿಸಿ ನಡೆಯುವ ವ್ಯಾಯಾಮವನ್ನು ತಾವು ನನಗೆ ಕಲಿಸಿದಿರಿ.

ದೂರು ಕೊಟ್ಟೆ. 'ಪರಿಶೀಲಿಸಲಾಗಿ, ಮಾಹಿತಿ ಸರಿಯಾಗಿದೆ' ಎಂದು ಉತ್ತರಿಸಿದಿರಿ. ತಪ್ಪು ಮಾಹಿತಿ ಕಳಿಸಿದ ಬ್ಯಾಂಕನ್ನೇ ಕೇಳಿ ತಪ್ಪಿಲ್ಲವೆಂದು ತಿಳಿದುಕೊಳ್ಳುವ ಆ ವಿಧಾನಕ್ಕೆ ತಲೆಬಾಗುತ್ತೇನೆ. ಹಳೆಯ ಬ್ಯಾಂಕಿನವರು ತಮ್ಮತ್ತ ಕೈತೋರಿಸಿದರು, ತಾವು ಅವರತ್ತ. ಕೊನೆಗೆ ಹೊಸ ಬ್ಯಾಂಕಿನಿಂದ ಸಾಲ ವರ್ಗಾವಣೆಯ ಪತ್ರ ಪಡೆದು, ಹಳೆಯ ಬ್ಯಾಂಕಿನ ಮ್ಯಾನೇಜರ ಎದುರು ಏಳದೆ ಕುಳಿತೆ. ಅವರು ಪತ್ರವನ್ನೂ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇದು ಒಂದೇ ಸಾಲ ಅಲ್ವೇನಮ್ಮ?" ಎಂದರು.

"ಹೌದು ಸಾರ್. ನಾನೂ ಅದನ್ನೇ ಹೇಳ್ತಾ ಇದ್ದೀನಿ."

ಖಾತೆ ಮುಗಿದಿದೆಯೆಂದು ಅವರು ತಮಗೆ ತಿಳಿಸಿದರು, ತಾವು ತಿದ್ದಿದಿರಿ. ಮಾವನ ಹೆಸರೂ ಶುದ್ಧವಾಯಿತು. ಅಷ್ಟರಲ್ಲಿ ಅವರು ನೋಡಿಟ್ಟಿದ್ದ ಯಂತ್ರವನ್ನು ಎದುರಿನ ಅಂಗಡಿಯವನು ಕೊಂಡಿದ್ದ. ಅದರ ಸದ್ದನ್ನು ದಿನವಿಡೀ ಪುಕ್ಕಟೆ ಕೇಳುವ ಸೌಲಭ್ಯ ಒದಗಿಸಿದ್ದಕ್ಕಾಗಿ ಮಾವನ ಪರವಾಗಿ ವಂದನೆಗಳು.

ತಿದ್ದಿದ ವರದಿಯನ್ನು ಅಂಗಡಿಗೆ ಒಯ್ದಾಗ ಅತ್ತೆ ಕಾಜಾ ಹಾಕುತ್ತಿದ್ದ ಅಂಗಿಯಿಂದ ತಲೆಯೆತ್ತಲಿಲ್ಲ. "ನಾನು ಹಾಗನ್ಬಾರ್ದಿತ್ತು," ಎಂದರು. ಆಮೇಲೆ ದಾರ ಕಡಿದು, "ನಮ್ಮ ಕಿರಿಯವಳ ಓದಿಗೂ ಸಾಲ ತೆಗೀಬೇಕು. ನೀನು ಜಾಮೀನು ನಿಲ್ತೀಯಾ?" ಎಂದು ಕೇಳಿದರು. ತಮ್ಮ ವರದಿ ನೆನಪಾಗಿ ಬ್ಯಾಂಕಿನ ಅರ್ಜಿಯನ್ನು ಎರಡೆರಡು ಸಲ ಓದಿದೆ. ಆದರೂ ರುಜು ಹಾಕಿದೆ.

ಆದ್ದರಿಂದ ಮಾನ್ಯರೇ, ಆ ಹುಡುಗಿಯನ್ನಾದರೂ ಒಂದೇ ಸಲ ಓದಲು ಬಿಡಿ.

ಪರಿಶೀಲನೆಗೆ ಒಳಪಟ್ಟು,
ತಮ್ಮ ವಿಶ್ವಾಸಿ

ಮರೆತ ಮಾತು: ತಮ್ಮ ಸೇವೆಗೆ ನಕ್ಷತ್ರ ಕೊಡಬೇಕೆಂದು ಸಂದೇಶ ಕಳಿಸಿದ್ದೀರಿ. ಐದನ್ನೂ ಕೊಟ್ಟಿದ್ದೇನೆ. ಯಾರ ಖಾತೆಗೆ ಜಮೆಯಾಗಿವೆಯೋ ದಯವಿಟ್ಟು ವಿಚಾರಿಸಿಕೊಳ್ಳಿ.