ಡಾಸ್ ಪಕ್ಕದಲ್ಲಿ ಯುನಿಕ್ಸ್‌ಗೊಂದು ಪಾಲು

ಕಂಪ್ಯೂಟರಿನ ಮಾತು ಆಡುವವರಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರ ಪಾಡು ಬೇರೆ.

ತೊಂಬತ್ತರ ದಶಕದ ಆರಂಭ. ಸಾಂತಾಕ್ರೂಜ್‌ನ ಒಂದು ಬೆಡ್‌ರೂಮಿನ ಮನೆಯಲ್ಲಿ ಅಣ್ಣ, ಅತ್ತಿಗೆ, ನಾನು, ಮತ್ತು ಅಣ್ಣನ ಕಂಪ್ಯೂಟರ್. ಅದನ್ನು ನಡೆಸುವ ಸಿಸ್ಟಮ್ ಡಾಸ್, ಡಾಸ್‌ನಲ್ಲಿ ಅಣ್ಣ ಬರೆದ ಕಟ್ಟಡಗಳ ನಕ್ಷೆ. ಪಕ್ಕದಲ್ಲೇ ಯುನಿಕ್ಸ್ ತರಹದ ಸಿಸ್ಟಮ್ ಒಂದನ್ನು ಕೂರಿಸುವ ಹುಚ್ಚು ನನಗೆ ಹತ್ತಿತು. ಏನೂ ಗೊತ್ತಿರಲಿಲ್ಲ, ಉತ್ಸಾಹ ಮಾತ್ರ ಬೆಟ್ಟದಷ್ಟು.

"ಹಾಕ್ಕೋ," ಅಂದ ಅಣ್ಣ. "ಆದ್ರೆ ನಕ್ಷೇಲಿ ಒಂದು ಗೆರೆ ಹೋದ್ರೂ ಆಮೇಲೆ ಈ ಪೆಟ್ಟಿಗೆ ಮುಟ್ಟೋ ಹಾಗಿಲ್ಲ."

ಬೂಟು

ವಿಕ್ರೋಳಿಯ ಒಂದು ಕಂಪನಿಯಲ್ಲಿದ್ದ ಗೆಳೆಯ ಆ ಸಿಸ್ಟಮನ್ನು ಫ್ಲಾಪಿ ಡಿಸ್ಕುಗಳಿಗೆ ನಕಲು ಮಾಡಿಕೊಡುತ್ತೇನೆಂದು ಕರೆದ. ಆಗ ಕಂಪ್ಯೂಟರ್ ರೂಮೆಂದರೆ ದೇವರಮನೆ, ಚಪ್ಪಲಿ ಹೊರಗೇ ಬಿಡಬೇಕು. ಬಾಗಿಲಲ್ಲಿ ಬಿಜಾಪುರದ ಕಡೆಯ ಪ್ಯೂನ್.

ಗೆಳೆಯ ಒಳಗಿಂದ ಕೂಗಿದ: "ಬೂಟ್ ಹೇಗೆ ಮಾಡೋದು ತೋರಿಸ್ತೀನಿ, ಬಾ!"

ಪ್ಯೂನ್ ಅಡ್ಡ ನಿಂತ. "ಒಳಗ ಬೂಟ್ ನಡೆಂಗಿಲ್ರಿ."

"ಕಾಲಿಗೆ ಹಾಕೋದಲ್ಲಪ್ಪಾ, ಕಂಪ್ಯೂಟರ್ ಶುರುಮಾಡೋದು. ಫ್ಲಾಪಿಯಿಂದ ಮಾಡೋ ಬೂಟ್," ಎಂದ ಗೆಳೆಯ.

"ತೊಗಲಿಂದ ಮಾಡಿದ್ರೂ ಅಷ್ಟರೀ, ಫ್ಲಾಪಿಯಿಂದ ಮಾಡಿದ್ರೂ ಅಷ್ಟರೀ. ಹೊರಗ ಬಿಡ್ರಿ!"

ಡಬ್ಬಾ

ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಫ್ಲಾಪಿ ಬಾಗಿದರೆ ಕಥೆ ಮುಗಿಯಿತು. ಅದಕ್ಕೇ ಗೆಳೆಯ ಕೊಟ್ಟ ಫ್ಲಾಪಿಗಳನ್ನೆಲ್ಲ ಊಟದ ಸ್ಟೀಲ್ ಡಬ್ಬಿಗೆ ಹಾಕಿ ತಲೆಯ ಮೇಲೆ ಹಿಡಿದುಕೊಂಡು ನಿಂತೆ. ನನ್ನ ಮೊಣಕೈ ಕೆಳಗೆ ಸಿಕ್ಕಿಕೊಂಡಿದ್ದ ಸೇಠ್ ಒಬ್ಬ ಕತ್ತೆತ್ತಿ ಕೇಳಿದ:

"ಡಬ್ಬೇ ಮೇ ಕ್ಯಾ ಹೈ?"

"ಯುನಿಕ್ಸ್," ಎಂದೆ ಹೆಮ್ಮೆಯಿಂದ.

ಸೇಠ್ ಇದ್ದ ಜಾಗದಲ್ಲೇ ಮೈ ಕುಗ್ಗಿಸಿಕೊಂಡ. "ವೆಜ್ ಹೈ ನಾ?"

ಪಾರ್ಟಿಶನ್

ಶನಿವಾರ ನನಗೆ ರಜೆ, ಅಣ್ಣ ಗ್ರಾಂಟ್ ರೋಡಿನ ಆಫೀಸಿಗೆ ಹೋಗಿದ್ದ. ನಕ್ಷೆಗಳನ್ನೆಲ್ಲ ಬೇರೆ ಫ್ಲಾಪಿಗಳಿಗೆ ಇಳಿಸಿಕೊಂಡೆ. ಇನ್ನು ಡಾಸ್‌ಗೊಂದು, ಯುನಿಕ್ಸ್‌ಗೊಂದು ಎಂದು ಡಿಸ್ಕನ್ನು ಎರಡು ಭಾಗ ಮಾಡಬೇಕು; ಅದಕ್ಕೆ ಪಾರ್ಟಿಶನ್ ಎನ್ನುತ್ತಾರೆ. ಗೆಳೆಯನಿಗೆ ಫೋನ್ ಹಚ್ಚಿದೆ.

"ಪಾರ್ಟಿಶನ್ ಆಗ್ಲೇಬೇಕು ಕಣೋ, ಇಬ್ಬರೂ ಒಟ್ಟಿಗೆ ಇರೋಕಾಗಲ್ಲ. ಅಣ್ಣಂದೆಲ್ಲ ಹೊರಗೆ ತೆಗೆದಿಟ್ಟಿದ್ದೀನಿ. ಅವನಿಗೆ ಚಿಕ್ಕ ಪಾಲು ಸಾಕು."

ಅಡುಗೆಮನೆಯಲ್ಲಿ ಅತ್ತಿಗೆಯ ಕೈಯಿಂದ ಸೌಟು ಬಿದ್ದದ್ದು ಕೇಳಿಸಿತು, ಲಕ್ಷ್ಯ ಕೊಡಲಿಲ್ಲ. ಅವರು ಪಕ್ಕದ ಮನೆಗೆ ಓಡಿ ಅಣ್ಣನಿಗೆ ಫೋನ್ ಮಾಡಿದ್ದು ನನಗೆ ಗೊತ್ತಾದದ್ದು ಆಮೇಲೆ.

ಡಿಸ್ಕ್ ಎರಡಾಯಿತು. ಡಾಸನ್ನೂ ನಕ್ಷೆಗಳನ್ನೂ ಅವುಗಳ ಪಾಲಿಗೆ ಮರಳಿ ಹಾಕಿದೆ. ಆಮೇಲೆ ಯುನಿಕ್ಸ್‌ನ ಒಂದೊಂದೇ ಫ್ಲಾಪಿ ತುರುಕಿದೆ. ಕೊನೆಗೆ ಕಪ್ಪು ಪರದೆಯ ಮೇಲೆ 'ಲಾಗಿನ್' ಎಂದು ಮೂಡಿತು ನೋಡಿ, ಕುರ್ಚಿಯಿಂದ ಜಿಗಿದೆ! ಅದೇ ಹೊತ್ತಿಗೆ ಅಣ್ಣ ಬೆವರು ಸುರಿಸುತ್ತ ಒಳಗೆ ನುಗ್ಗಿದ.

"ಏನೋ, ಪಾರ್ಟಿಶನ್ ಅಂತೆ?"

"ಆಗೇಹೋಯ್ತಣ್ಣಾ!" ಎಂದು ಕುಣಿದೆ.

"ಅಮ್ಮನಿಗೆ ಒಂದು ಮಾತು ಹೇಳ್ಬಾರ್ದಿತ್ತೇನೋ?" ಎಂದು ಅವನು ಕುಸಿದು ಕೂತ.

ವಿಷಯ ತಿಳಿಸಿ ಹೇಳುವಷ್ಟರಲ್ಲಿ ನನಗೂ ಬೆವರು. ಮತ್ತೆ ಮೆಷಿನ್ ಶುರುಮಾಡಿ ಡಾಸ್ ತೆರೆದೆ. ಅಣ್ಣ ಪರದೆಗೆ ಮೂಗು ತಾಗಿಸಿ ನಕ್ಷೆ ನೋಡಿದ. ಎಲ್ಲ ಗೆರೆಯೂ ಇತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಅತ್ತಿಗೆ, ಇದೇ ಖುಷಿಗೆ ಕಾಫಿ ಕೊಡಿ!"

ಕಣ್ಣು ಒರೆಸಿಕೊಳ್ಳುತ್ತಿದ್ದ ಅತ್ತಿಗೆ ನಾಚಿಕೊಂಡು ಎದ್ದರು.

"ಸ್ವಲ್ಪ ತಾಳಿ. ನಮ್ಮ ಪಾಲಿಗಿರಲಿ ಅಂತ ಗ್ಯಾಸ್ ಸಿಲಿಂಡರ್ ನಮ್ಮ ಮಂಚದ ಕೆಳಗೆ ತಳ್ಳಿಟ್ಟಿದ್ದೀನಿ."