ಲಕ್ಸೆಂಬರ್ಗಿನ ತಿಳಿನೀಲಿ, ನನ್ನ ಹೊಸೂರು

ನನಗೆ ‘ಗೊತ್ತಿಲ್ಲ’ ಎನ್ನಲು ಬರುವುದಿಲ್ಲ. ಕುಡಿತ, ಇಸ್ಪೀಟು, ಸಿಗರೇಟು ಒಂದೂ ಇಲ್ಲದ ನನ್ನಂಥ ಸಭ್ಯನಿಗೆ ಇರುವ ಒಂದೇ ಚಟ ಇದು. ಯಾರು ಏನೇ ಕೇಳಲಿ, ತಲೆ ತಾನಾಗಿ ಆಡುತ್ತದೆ, ಬಾಯಿ ‘ಗೊತ್ತು ಗೊತ್ತು’ ಎಂದುಬಿಡುತ್ತದೆ, ಬುದ್ಧಿ ಆಮೇಲೆ ಆಕಳಿಸುತ್ತಾ ಎದ್ದು ಬಂದು ಏನಾಯಿತು ಎಂದು ವಿಚಾರಿಸುತ್ತದೆ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋದ ದಿನ ನಾನೇ ಮನೆ ಸಿಗದೆ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಬೆವರುತ್ತಾ ನಿಂತಿದ್ದೆ. ಹಿರಿಯರೊಬ್ಬರು ಬಂದು ಏಳನೇ ಕ್ರಾಸ್ ಎಲ್ಲಿ ಎಂದು ಕೇಳಿದರು. ಎಡಕ್ಕೆ ಹೋಗಿ ಬಲಕ್ಕೆ ತಿರುಗಿ ಎಂದು ಕೈ ತೋರಿಸಿದೆ. ಅವರು ಹುಡುಗಿಯ ಸೋದರಮಾವನಂತೆ. ಉಪ್ಪಿಟ್ಟು, ಬೋಂಡ, ಕಾಫಿ ಎಲ್ಲ ಮುಗಿದ ಮೇಲೆ ಬಂದು ತಲುಪಿ, ಒಳಗೆ ಸೋಫಾದ ಮೇಲೆ ಕೂತಿದ್ದ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆದರೂ ಆ ಹುಡುಗಿ, ನನ್ನ ಸುಮತಿ, ನನ್ನನ್ನು ಒಪ್ಪಿಕೊಂಡಳು. ಅದು ಯಾಕೆ ಎಂದು ನೀವು ಕೇಳಿದರೆ, ಅದಕ್ಕೂ ಗೊತ್ತು ಎಂದೇ ಹೇಳುತ್ತೇನೆ.

ಈಗ ಮಲೇಷಿಯಾದ ಮೆಲಾಕಾ ಊರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಲ್ಲಿ ಈ ಚಟ ಮುಚ್ಚಿಹೋಗುತ್ತದೆ. ವಿದ್ಯಾರ್ಥಿ ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ, ಒಳ್ಳೆಯ ಪ್ರಶ್ನೆ, ನಾಳೆ ನೀವೇ ಓದಿಕೊಂಡು ಬಂದು ಎಲ್ಲರಿಗೂ ವಿವರಿಸಿ ಎಂದರಾಯಿತು. ಆದರೆ ತರಕಾರಿ ಅಂಗಡಿಯಲ್ಲಿ ಆ ಉಪಾಯ ನಡೆಯುವುದಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಮುನಿಯಾಂಡಿ ಅಣ್ಣನ ಅಂಗಡಿ. ಆರು ವರ್ಷದ ಹಿಂದೆ, ಊರಿಗೆ ಬಂದ ಮೊದಲ ವಾರ, ಕರಿಬೇವು ಕೊಳ್ಳಲು ಹೋದಾಗ ಅವರು ಅಕ್ಕರೆಯಿಂದ “ತಮಿಳಾ ಸಾರ್?” ಎಂದರು. ಹೊಸ ಊರು, ಯಾರೋ ನಕ್ಕು ಮಾತನಾಡಿಸಿದ್ದೇ ಹೆಚ್ಚು. ತಲೆ ಆಡಿತು, ಬಾಯಿ “ಆಮಾ”, ಹೌದು, ಎಂದಿತು. ಯಾವ ಊರು ಎಂದು ಕೇಳಿದರು. ಮೈಸೂರು ಎಂದರೆ ಗುಟ್ಟು ರಟ್ಟಾಗುತ್ತದಲ್ಲ, ಹಿಂದೊಮ್ಮೆ ಬಸ್ಸು ಕೆಟ್ಟು ಎರಡು ಗಂಟೆ ಕೂತಿದ್ದ ತಮಿಳುನಾಡಿನ ಊರು ನೆನಪಾಯಿತು. ಹೊಸೂರು ಎಂದೆ. ಅಂದಿನಿಂದ ನಾನು ಹೊಸೂರಿನವನು. ಹೊಸೂರಿನಲ್ಲಿ ಮಳೆ ಹೇಗಿದೆ, ಬೆಳೆ ಹೇಗಿದೆ ಎಂದು ಅವರು ವಿಚಾರಿಸುತ್ತಾರೆ. ನನಗೆ ಬರುವ ಹನ್ನೆರಡು ತಮಿಳು ಪದಗಳನ್ನು ತಿರುವಿ ಮುರುವಿ ಜೋಡಿಸಿ ವರದಿ ಒಪ್ಪಿಸುತ್ತೇನೆ. ನಮ್ಮವರು ಎಂದು ಒಂದು ಹಿಡಿ ಕರಿಬೇವು ಬಿಟ್ಟಿ ಹಾಕುತ್ತಾರೆ. ಸುಮತಿಗೆ ಇದು ಗೊತ್ತು. ಅಷ್ಟು ಒಳ್ಳೆಯ ಮನುಷ್ಯನಿಗೆ ಒಂದಲ್ಲ ಒಂದು ದಿನ ನಿಜ ಹೇಳಿಬಿಡಿ ರೀ ಎನ್ನುತ್ತಲೇ ಇರುತ್ತಾಳೆ. ಮಗಳು ಇಳಾಗೆ ಮಾತ್ರ ಗೊತ್ತಿರಲಿಲ್ಲ.

ಹೀಗಿರುವಾಗ ಹತ್ತು ವರ್ಷದ ಇಳಾಳ ಶಾಲೆಯಲ್ಲಿ ‘ದೇಶಗಳ ದಿನ’ ಬಂತು. ಚೀಟಿ ಎತ್ತಿ ದೇಶ ಹಂಚಿದ್ದರು. ಮಕ್ಕಳೆಲ್ಲ ಒಂದೊಂದು ಮೇಜಿಗೆ ಒಡೆಯರು. ನೋಡಲು ಬಂದವರ ಕೈಯಲ್ಲಿ ಆಟಕ್ಕೆ ಮಾಡಿದ ಒಂದು ಉತ್ತುತ್ತು ಪಾಸ್‌ಪೋರ್ಟು. ಯಾವ ಮೇಜು ಹೆಚ್ಚು ಮೊಹರು ಒತ್ತುತ್ತದೋ ಅದಕ್ಕೆ ಬಹುಮಾನ. ಇವಳು ಇಟಲಿ ಬರಲೆಂದು ಕಣ್ಣು ಮುಚ್ಚಿ ಬೇಡಿಕೊಂಡು ಎತ್ತಿದರೆ ಬಂದದ್ದು ಲಕ್ಸೆಂಬರ್ಗು. ಮುಖ ಊದಿಸಿಕೊಂಡು ಬಂದು, ಯಾರೂ ಬರಲ್ಲಪ್ಪಾ ನನ್ನ ಟೇಬಲ್‌ಗೆ, ಎಲ್ಲಿದೆ ಅದು ಎಂದಳು. ಗೊತ್ತು ಗೊತ್ತು ಎಂದೆ. ಸ್ವಿಟ್ಜರ್ಲೆಂಡಿನ ಮಗ್ಗುಲಲ್ಲಿ, ಹಿಮದ ಬೆಟ್ಟದ ಮೇಲೆ, ಚಾಕೊಲೇಟಿಗೆ ಪ್ರಸಿದ್ಧ ಎಂದೂ ಸೇರಿಸಿದೆ. ಅವಳು ಟ್ಯಾಬಿನಲ್ಲಿ ನೋಡಿ, ಬೆಲ್ಜಿಯಂ, ಫ್ರಾನ್ಸ್, ಜರ್ಮನಿ ಮೂರರ ನಡುವೆ ಸಿಕ್ಕಿಕೊಂಡಿದೆ ಎಂದು ತಣ್ಣಗೆ ಹೇಳಿ, ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ಎರಡು ವಾರ ನಮ್ಮ ಮನೆಯಲ್ಲಿ ಊಟ, ತಿಂಡಿ, ನಿದ್ದೆ ಎಲ್ಲವೂ ಲಕ್ಸೆಂಬರ್ಗು. ನಮ್ಮ ಮೈಸೂರು ಜಿಲ್ಲೆಯ ಅರ್ಧವೂ ಇಲ್ಲದ ದೇಶ. ಹಿಂದೆ ಹಾಲೆಂಡಿನ ರಾಜನೇ ಇವರಿಗೂ ದೊರೆ. ಅವನು ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ಅಲ್ಲಿ ಮಗಳು ರಾಣಿಯಾದಳು, ಇಲ್ಲಿ ಮಾತ್ರ ಹೆಣ್ಣಿಗೆ ಪಟ್ಟವಿಲ್ಲವೆಂದು ದೇಶವೇ ಇನ್ನೊಂದು ಕವಲಿಗೆ ಹೋಯಿತು. ಈ ಅನ್ಯಾಯ ಓದಿ ಇಳಾ ಟ್ಯಾಬನ್ನೇ ಬೋರಲು ಹಾಕಿದಳು. ಜನ ಜರ್ಮನ್ ಓದುತ್ತಾರೆ, ಫ್ರೆಂಚ್ ಬರೆಯುತ್ತಾರೆ, ಮನೆಯಲ್ಲಿ ತಮ್ಮದೇ ಮಾತಾಡುತ್ತಾರೆ. ನಾವು ಇದ್ದ ಹಾಗೇ ಇರ್ತೀವಿ ಅನ್ನುವುದು ಅವರ ಘೋಷವಾಕ್ಯ. ಮಹಾಯುದ್ಧದಲ್ಲಿ ಜರ್ಮನರು ಬಂದು ಕೂತು ಜನಗಣತಿ ಮಾಡಹೊರಟರು: ನಿಮ್ಮ ದೇಶ ಯಾವುದು, ಮಾತು ಯಾವುದು, ಜನ ಯಾರು. ಜರ್ಮನ್ ಎಂದು ಬರೆಯಬೇಕೆಂಬ ಒತ್ತಾಯ. ಜನ ಮೂರಕ್ಕೂ ಲಕ್ಸೆಂಬರ್ಗ್ ಎಂದೇ ಬರೆಯಲು ನಿಂತರು, ಗಣತಿಯೇ ನಿಂತುಹೋಯಿತು. ಇದನ್ನು ಹೇಳುವಾಗ ಇಳಾ ಸೋಫಾದ ಮೇಲೆ ಹತ್ತಿ ನಿಲ್ಲುತ್ತಿದ್ದಳು. ನಾನು ಹನ್ನೆರಡು ಪದಗಳ ನನ್ನ ತಮಿಳನ್ನು ನೆನೆದು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದೆ.

ಬಾವುಟ ಮಾಡಿಸುವ ಕೆಲಸ ನನ್ನದು. ಕೆಂಪು, ಬಿಳಿ, ತಿಳಿನೀಲಿ, ತಿಳಿನೀಲಿಯೇ ಆಗಬೇಕು ಎಂದು ಅವಳು ಮೂರು ಸಲ ಹೇಳಿದಳು. ಗೊತ್ತು ಗೊತ್ತು ಎಂದು ಹೋದೆ. ಪ್ರಿಂಟ್ ಅಂಗಡಿಯ ಹೆಂಗಸು ನಾನು ಕೊಟ್ಟ ಚಿತ್ರ ನೋಡಿ, ಡಚ್ಚರದಾ ಎಂದಳು. ಮೆಲಾಕಾದಲ್ಲಿ ಡಚ್ಚರ ಕೆಂಪು ಕಟ್ಟಡಗಳ ನೆರಳಲ್ಲೇ ಬೆಳೆದವಳು, ಪಾಪ, ಅವಳ ತಪ್ಪೇನು. ನನ್ನ ತಲೆ ಆಡಿತು. ಸುರುಳಿ ಬಿಚ್ಚಿದ್ದು ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲೇ. ಗಾಢನೀಲಿ. ಪಕ್ಕದ ಮೇಜು ನೆದರ್‌ಲ್ಯಾಂಡ್ಸ್, ಅಂದರೆ ಅದೇ ಡಚ್ಚರ ಹಾಲೆಂಡು, ಅವಳ ಗೆಳತಿ ಆಯಿಶಾಳದು, ಹಿಂದೆ ಅಚ್ಚು ಇಂಥದ್ದೇ ಬಾವುಟ.

“ಅಪ್ಪಾ, ಇದು ಅವರ ಫ್ಲ್ಯಾಗ್ ಲಾ,” ಎಂದಳು ಇಳಾ, ಇಲ್ಲಿನ ಮಕ್ಕಳಂತೆ ‘ಲಾ’ ಸೇರಿಸಿ. ಅಷ್ಟೇ. ಅವಳು ಅತ್ತಿದ್ದರೆ ಸಮಾಧಾನವಾಗುತ್ತಿತ್ತು. ತುಟಿ ಕಚ್ಚಿಕೊಂಡು ನಿಂತಳು. ಬಂದವರೆಲ್ಲ ಡಚ್ಚರಿಗೆ ಎರಡು ಮೇಜಾ ಎನ್ನುತ್ತಾ ಆಯಿಶಾಳ ಹತ್ತಿರ ಮೊಹರು ಹಾಕಿಸಿಕೊಂಡು ನಡೆದರು. ಸುಮತಿ ನನ್ನನ್ನು ಒಂದು ಸಲ ನೋಡಿದಳು. ಸೋದರಮಾವನ ಅದೇ ನೋಟ. ಅವರ ಮನೆತನದಲ್ಲೇ ಇದೆ ಅದು. ಆಮೇಲೆ ತಾನು ಹೊದ್ದಿದ್ದ ತಿಳಿನೀಲಿ ದುಪಟ್ಟಾ ತೆಗೆದು, ಮಡಿಚಿ, ಗಾಢನೀಲಿ ಪಟ್ಟಿಯ ಮೇಲೆ ನಾಲ್ಕು ಪಿನ್ನು ಚುಚ್ಚಿ ಕೂರಿಸಿದಳು.

ಅಲ್ಲಿಂದ ದಿಕ್ಕು ಬದಲಾಯಿತು. ಒಂದು ಬಾವುಟಕ್ಕೆ ದುಪಟ್ಟಾ ಯಾಕೆ ಎಂದು ಕೇಳಲು ಜನ ನಿಂತರು. ನಿಂತವರಿಗೆ ಸುಮತಿ, ಲಕ್ಸೆಂಬರ್ಗಿನ ಜಾತ್ರೆಗಳಲ್ಲಿ ಮಾರುತ್ತಾರೆಂದು ಇಳಾ ಓದಿದ್ದ ಆಲೂಗಡ್ಡೆ ತುರಿಯ ಬಿಲ್ಲೆಗಳನ್ನು, ಹಸಿಮೆಣಸಿನಕಾಯಿ ಕೊತ್ತಂಬರಿ ಹಾಕಿ ನಮ್ಮ ಆಂಬೊಡೆಯ ತಂಗಿಯಂತೆ ಕರಿದದ್ದನ್ನು, ಕೊಟ್ಟಳು. ತಿನ್ನುವಾಗ ಓಡಲಾಗುವುದಿಲ್ಲವಲ್ಲ, ಇಳಾ ಅವರನ್ನು ಹಿಡಿದುಕೊಂಡು ಗಣತಿಯ ಕಥೆ ಹೇಳಿದಳು. ಮೂರು ಪ್ರಶ್ನೆಗೆ ಉತ್ತರ ಕೊಟ್ಟರೆ ಮಾತ್ರ ಮೊಹರು: ದೇಶ, ಮಾತು, ಜನ. ಚೀನೀ ಅಜ್ಜಿಯೊಬ್ಬರು ಮಾತು ಯಾವುದೆಂದರೆ ನಾಲ್ಕು ಹೆಸರು ಹೇಳಿ, ಯಾವುದನ್ನೂ ಬಿಡಲಾರೆ ಎಂದು ನಾಲ್ಕು ಬಿಲ್ಲೆ ತಿಂದರು. ಒಬ್ಬ ಟೀಚರು, ಬರೀ ಬಣ್ಣದ ವ್ಯತ್ಯಾಸಕ್ಕೆ ಇಷ್ಟೆಲ್ಲ ಯಾಕೆ ಪುಟ್ಟಾ ಎಂದರು. ಇಳಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ: “ಎಲ್ಲರೂ ನಮ್ಮನ್ನ ತಮಿಳರು ಅಂದ್ಕೋತಾರೆ ಟೀಚರ್. ತಮಿಳರು ತುಂಬ ಒಳ್ಳೆಯವರು. ಆದರೆ ನಾವು ಅವರಲ್ಲ, ಕನ್ನಡದವರು. ಹೇಳಿದರೆ ತಾನೇ ಗೊತ್ತಾಗೋದು?” ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ, ಅಷ್ಟು ನಾಚಿಕೆಯೂ. ಬಹುಮಾನ ಇಟಲಿಗೆ ಹೋಯಿತು, ನಮಗೆ ಎರಡನೆಯದು. ಇಳಾ ಕುಣಿದಾಡಿದಳು.

ಮನೆಗೆ ಬರುವ ದಾರಿಯಲ್ಲಿ, ಉಳಿದ ಬಿಲ್ಲೆಗಳನ್ನು ಮುನಿಯಾಂಡಿ ಅಂಕಲ್‌ಗೆ ಕೊಡಬೇಕೆಂದು ಹಟ ಹಿಡಿದಳು. ನಾಳೆ ಕೊಡೋಣ ಎಂದೆ. ಸುಮತಿ, ಇವತ್ತೇ ಆಗಲಿ ಎಂದು ಕಾರು ನಿಲ್ಲಿಸಿಯೇ ಬಿಟ್ಟಳು. ಮುನಿಯಾಂಡಿ ಅಣ್ಣ ಬಿಲ್ಲೆ ತಿಂದು, ಕಥೆ ಪೂರ್ತಿ ಕೇಳಿ, ಮೂರು ಪ್ರಶ್ನೆಗೂ ಉತ್ತರ ಹೇಳಿ, ಕೈ ಮೇಲೆ ಮೊಹರು ಒತ್ತಿಸಿಕೊಂಡರು. ಮಲೇಷಿಯಾ, ತಮಿಳು, ತಮಿಳು. ಆಮೇಲೆ ನನ್ನ ಕಡೆ ತಿರುಗಿ, ಅಪ್ಪನನ್ನೂ ಕೇಳಮ್ಮಾ ಎಂದರು.

ಇಳಾ ಮೊಹರು ಎತ್ತಿ ಹಿಡಿದು ನಿಂತಳು. ದೇಶ ಭಾರತ ಎಂದೆ. ಅಲ್ಲಿಗೆ ಸುಲಭದ್ದು ಮುಗಿಯಿತು. ಆರು ವರ್ಷದ ಕರಿಬೇವು ಕಣ್ಣ ಮುಂದೆ ಬಂತು. ಇವರು ಇನ್ನು ಮೊದಲಿನಂತೆ ನಗದಿದ್ದರೆ ಎಂದು ನಿಜವಾಗಿ ಭಯವಾಯಿತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಕನ್ನಡ,” ಎಂದೆ. “ಕನ್ನಡದವನು. ಅಣ್ಣಾ, ನನಗೆ ತಮಿಳು ಬರೋದಿಲ್ಲ.”

ಮುನಿಯಾಂಡಿ ಅಣ್ಣ ಕೈಯೊರೆಸಿಕೊಂಡರು. ನನಗೂ ತಿಳಿಯುವಷ್ಟು ನಿಧಾನವಾಗಿ ತಮಿಳಿನಲ್ಲಿ ಹೇಳಿದರು: “ಅದು ಮೊದಲ ದಿನವೇ ಗೊತ್ತಾಯ್ತು ಡಾಕ್ಟರ್. ಇಡೀ ಬೀದಿಗೇ ಗೊತ್ತು. ನೀವು ಅಷ್ಟು ಕಷ್ಟಪಟ್ಟು ಮಾತಾಡ್ತೀರಲ್ಲ, ಯಾಕೆ ಬೇಜಾರು ಮಾಡೋದು ಅಂತ ಎಲ್ಲರೂ ಸುಮ್ಮನಿದ್ವಿ. ಇನ್ಮೇಲೆ ಹೊಸೂರಿನ ಮಳೆ ಕೇಳಲ್ಲ ಬಿಡಿ.”

ಕರಿಬೇವು ಎಂದಿಗಿಂತ ಒಂದು ಹಿಡಿ ಹೆಚ್ಚೇ ಬಿತ್ತು. ಸುಮತಿ ಮನೆ ಮುಟ್ಟುವವರೆಗೂ ನಕ್ಕಳು, ನಾನೂ ನಕ್ಕೆ. ಆರು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯಿಂದ ಬೆವರದೆ ಹೊರಬಂದಿದ್ದೆ. ಹಿಂದಿನ ಸೀಟಿನಿಂದ ಇಳಾ ಮುಂದಕ್ಕೆ ಬಾಗಿ, ಅಂಕಲ್ ಯಾಕೆ ಹೊಸೂರು ಅಂದ್ರು, ಎಲ್ಲಿದೆ ಅಪ್ಪಾ ಅದು ಎಂದು ಕೇಳಿದಳು. ಅದರ ಬಸ್ ಸ್ಟ್ಯಾಂಡು, ಅಲ್ಲಿ ಕುಡಿದ ಚಹಾ, ಕೂತಿದ್ದ ಮುರುಕು ಬೆಂಚು ಎಲ್ಲ ನನಗೆ ಚೆನ್ನಾಗಿ ಗೊತ್ತು. ಜನ್ಮದಲ್ಲಿ ಮೊದಲ ಬಾರಿಗೆ, ಒಂದಿಷ್ಟೂ ತಡವರಿಸದೆ ಹೇಳಿದೆ:

“ಗೊತ್ತಿಲ್ಲ ಪುಟ್ಟಿ.”